ಆಟಿ ಪಾಯಸದ ಮರುದಿನ

ತಿಂಗಳ ಐದನೆಯ ತಾರೀಖು ಬಂತೆಂದರೆ ಮಡಿಕೇರಿಯ ಆ ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಎರಡು ಮೊಬೈಲುಗಳು ಒಟ್ಟಿಗೇ ಟಿಂಗ್ ಎನ್ನುತ್ತಿದ್ದವು. ಒಂದು ಶ್ವೇತಳದು, ಇನ್ನೊಂದು ಅವಳ ದೊಡ್ಡಪ್ಪನ ಮಗಳು ಮೋಕ್ಷಿತಾಳದು. ಸಂಬಳ ಬಿದ್ದ ಸದ್ದು ಅದು. ರಕ್ತದ ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಿದ್ದ ನಾಲ್ಕು ಕೈಗಳು ಒಂದು ಕ್ಷಣ ನಿಂತು ಮತ್ತೆ ಕೆಲಸಕ್ಕೆ ಹತ್ತುತ್ತಿದ್ದವು. ಆಮೇಲೆ ಊಟದ ಹೊತ್ತಿಗೆ ಶ್ವೇತಳ ಮೊಬೈಲು ಮಾತ್ರ ಇನ್ನೊಂದು ಸಲ ಟಿಂಗ್ ಎನ್ನುತ್ತಿತ್ತು.

"ನೋಡಿದ್ರಾ, ಶ್ವೇತ ಮೇಡಂಗೆ ಎರಡು ಸಲ ಬೀಳ್ತದೆ," ಎಂದು ಬಿಲ್ಲಿನ ಕಿಟಕಿಯಲ್ಲಿ ಕೂರುವ ದೀಪಕ್ ಪ್ರತಿ ತಿಂಗಳೂ ಅದೇ ಮಾತು ಹೇಳುತ್ತಿದ್ದ. "ಡಿಗ್ರಿ ಮಾಡಿದವ್ರಿಗೆ ಡಬಲ್. ನಮ್ಮಂಥೋರಿಗೆ ಒಂದೇ ಟಿಂಗು."

ಮೋಕ್ಷಿತಾ ನಗುತ್ತಿದ್ದಳು. ಶ್ವೇತಳೂ ನಗುತ್ತಿದ್ದಳು. ಆ ಎರಡನೆಯ ಟಿಂಗ್, ಬಂದ ಸಂಬಳದಲ್ಲಿ ಅರ್ಧವನ್ನು ಬ್ಯಾಂಕಿನವರು ಓದಿನ ಸಾಲದ ಕಂತಿಗೆ ಎತ್ತಿಕೊಂಡ ಸದ್ದು ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿಬಿಟ್ಟರೆ ಆ ನಗು ಯಾರ ಕಡೆ ತಿರುಗುತ್ತದೆಂದು ಅವಳಿಗೆ ಗೊತ್ತಿತ್ತು.

ಹೊಟ್ಟೆಕಿಚ್ಚು ಭಗ್ಗನೆ ಹೊತ್ತಿಕೊಳ್ಳುವ ಬೆಂಕಿಯಲ್ಲ. ಅದು ಉಮಿಯ ರಾಶಿಯೊಳಗಿನ ಕೆಂಡ. ಮೇಲೆ ಬೂದಿ, ಒಳಗೆ ಕೆಂಪು. ಶ್ವೇತ ಬೆಳಿಗ್ಗೆ ನಾಪೋಕ್ಲುವಿನಿಂದ ಬಸ್ಸಿನಲ್ಲಿ ನಿಂತುಕೊಂಡು ಬರುವಾಗ ಮೋಕ್ಷಿತಾಳ ನೀಲಿ ಸ್ಕೂಟರು ತಿರುವಿನಲ್ಲಿ ಬಸ್ಸನ್ನು ಹಿಂದೆ ಹಾಕಿ ಹೋಗುತ್ತಿತ್ತು. ಆಗ ಒಂದಿಷ್ಟು ಕೆಂಪಾಗುತ್ತಿತ್ತು. ಶ್ವೇತ ಬುತ್ತಿಯ ಮುಚ್ಚಳ ತೆಗೆಯುವಾಗ ಮೋಕ್ಷಿತಾ ಕ್ಯಾಂಟೀನಿನಿಂದ ಊಟದ ಜೊತೆಗೆ ಒಂದು ಬಂಗುಡೆ ಫ್ರೈ ತರಿಸುತ್ತಿದ್ದಳು, ಅರ್ಧ ಮುರಿದು ಶ್ವೇತಳ ಡಬ್ಬಿಗೆ ಹಾಕುತ್ತಿದ್ದಳು. ಆ ಅರ್ಧ ಮೀನು ಗಂಟಲಲ್ಲಿ ಇಳಿಯುವಾಗ ಇನ್ನೊಂದಿಷ್ಟು. ಮೋಕ್ಷಿತಾ ತನ್ನ ಅವ್ವನಿಗೆ ಮಿಕ್ಸಿ ತೆಗೆದುಕೊಟ್ಟ ವಾರ ಶ್ವೇತಳ ತಾಯಿ ಗಂಗಮ್ಮ, "ನೀನೂ ಒಂದು ತರ್ಬಹುದಿತ್ತ್. ಡಿಗ್ರಿಯವ್ಳು," ಎಂದಿದ್ದರು. ಆ ವಾರವಿಡೀ ಶ್ವೇತ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ಸಂಕಟ ಏನೆಂದರೆ, ಇಬ್ಬರದೂ ಒಂದೇ ಮೇಜು, ಒಂದೇ ಕೆಲಸ. ಶ್ವೇತಳ ಸಂಬಳ ಮೋಕ್ಷಿತಾಳಿಗಿಂತ ಸಾವಿರದ ಐನೂರು ಹೆಚ್ಚು, ಅಷ್ಟೇ. ಕಂತು ಹೋದ ಮೇಲೆ ಅವಳ ಕೈಯಲ್ಲಿ ಉಳಿಯುವುದು ಮೋಕ್ಷಿತಾಳ ಕೈಯಲ್ಲಿ ಉಳಿಯುವುದರ ಹೆಚ್ಚುಕಮ್ಮಿ ಅರ್ಧ.

ಇದಕ್ಕೆ ಮೂಲ ಆರು ವರ್ಷದ ಹಿಂದಿನದು. ಮೋಕ್ಷಿತಾಳ ಅಪ್ಪ ದೇರಪ್ಪ ಮತ್ತು ಶ್ವೇತಳ ಅಪ್ಪ ಅಣ್ಣತಮ್ಮಂದಿರು. ಪಾಲಾಗಿ ಎಷ್ಟೋ ಕಾಲವಾಗಿತ್ತು. ಗದ್ದೆಯ ಈ ಕಡೆ ಒಂದು ಮನೆ, ಆ ಕಡೆ ಒಂದು ಮನೆ. ದೇರಪ್ಪನ ಮಗಳಿಗೆ ಸರ್ಕಾರಿ ಸಂಸ್ಥೆಯಲ್ಲಿ ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾ ಸೀಟು ಸಿಕ್ಕಿತು. ಫೀಸು ಎಷ್ಟು ಕಡಿಮೆಯೆಂದರೆ ದೇರಪ್ಪ ಆ ವರ್ಷದ ಕರಿಮೆಣಸು ಮಾರಿ ಕಟ್ಟಿಬಿಟ್ಟರು. ಅದನ್ನು ನೋಡಿ ತಮ್ಮನಿಗೆ ಮೈಯಲ್ಲಿ ಏನೋ ಹರಿದ ಹಾಗಾಯಿತು. "ಅಣ್ಣನ ಮಗ್ಳು ಡಿಪ್ಲೊಮಾ ಆದ್ರೆ ನನ್ನ ಮಗ್ಳು ಡಿಗ್ರಿ," ಎಂದು ಹೇಳಿ ಶ್ವೇತಳನ್ನು ಘಟ್ಟದ ಕೆಳಗಿನ ಒಂದು ಖಾಸಗಿ ಕಾಲೇಜಿಗೆ ಕರೆದುಕೊಂಡು ಹೋದರು. ಅಲ್ಲಿಯವರು ಗಾಜಿನ ಕೋಣೆಯಲ್ಲಿ ಕೂರಿಸಿ, ಟೀ ಕೊಟ್ಟು, ಫೀಸು ಹೇಳಿದರು. ಬ್ಯಾಂಕಿನ ದಾರಿಯನ್ನೂ ಅವರೇ ತೋರಿಸಿದರು. ಓದು ಮುಗಿದ ಮೇಲೆ ಸಂಬಳ ಎಷ್ಟು ಬರುತ್ತದೆಂದು ಅವರು ಹೇಳಲಿಲ್ಲ. ಅಪ್ಪ ಕೇಳಲೂ ಇಲ್ಲ.

ವಿಚಿತ್ರವೆಂದರೆ ಅದೇ ಅಪ್ಪ ನಾಪೋಕ್ಲುವಿನ ಕಾಫಿ ವ್ಯಾಪಾರಿಯ ಹತ್ತಿರ ಹೋದರೆ ಸುಮ್ಮನೆ ಚೀಲ ಇಳಿಸುವ ಜನ ಅಲ್ಲ. ಒಣಗಿದ ಕಾಫಿಹಣ್ಣಿನ ಒಂದು ಹಿಡಿ ತೆಗೆಸಿ, ಸಿಪ್ಪೆ ಬಿಡಿಸಿ, ಒಳಗಿನ ಬೀಜವನ್ನು ತೂಗಿಸುತ್ತಿದ್ದರು. ಐವತ್ತು ಕಿಲೋ ಚೀಲದಲ್ಲಿ ಬೀಜ ಎಷ್ಟು ಕಿಲೋ ಬರುತ್ತದೆ ಎನ್ನುವುದಕ್ಕೆ ಅಲ್ಲಿ ಔಟ್‌ಟರ್ನ್ ಎನ್ನುತ್ತಾರೆ. ಅದನ್ನು ನೋಡದೆ ಕೊಡಗಿನಲ್ಲಿ ಯಾರೂ ಕಾಫಿ ಕೊಡುವುದೂ ಇಲ್ಲ, ಕೊಳ್ಳುವುದೂ ಇಲ್ಲ.

ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆ ಒಂದು ವರ್ಷ ಅವರು ಕೊಟ್ಟದ್ದು ಹಾಸ್ಟೆಲ್ಲಿನ ಊಟಕ್ಕೂ ಸಾಲಲಿಲ್ಲ. ಅಷ್ಟು ಕಾಲವೂ ಬಡ್ಡಿ ತನ್ನ ಪಾಡಿಗೆ ಬೆಳೆಯುತ್ತಿತ್ತು. ಸಾಲ ಇದೆಯೆಂದು ಎರಡೂ ಮನೆಗೆ ಗೊತ್ತಿತ್ತು; ಕಂತು ಸಂಬಳದ ಅರ್ಧ ನುಂಗುತ್ತದೆಂದು ಗೊತ್ತಿದ್ದದ್ದು ಶ್ವೇತಳಿಗೆ ಮಾತ್ರ. ಶ್ವೇತ ಬಿ.ಎಸ್ಸಿ. ಎಂದು ಎದೆಗೆ ಚೀಟಿ ಹಾಕಿಕೊಂಡು ಲ್ಯಾಬಿಗೆ ಬರುವಾಗ ಮೋಕ್ಷಿತಾ ಅಲ್ಲಿ ಎರಡು ವರ್ಷ ಹಳಬಳಾಗಿದ್ದಳು.

ಆಟಿ ಹದಿನೆಂಟರಂದು ದೇರಪ್ಪನ ಮನೆಯಲ್ಲಿ ಪಾಯಸ. ಮಳೆಗಾಲದ ಆಟಿ ತಿಂಗಳ ಹದಿನೆಂಟನೆಯ ದಿನ ಮದ್ದುಸೊಪ್ಪಿಗೆ ಹದಿನೆಂಟು ಬಗೆಯ ಮದ್ದು ಕೂಡಿಕೊಳ್ಳುತ್ತದೆ ಎನ್ನುವುದು ಹಿರಿಯರಿಂದ ಬಂದ ನಂಬಿಕೆ. ಅವತ್ತು ಬೆಳಿಗ್ಗೆ ಗಿಡದ ಹತ್ತಿರ ನಿಂತರೇ ಪರಿಮಳ. ಸೊಪ್ಪನ್ನು ಕುದಿಸಿದರೆ ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ ಹಾಕಿ, ಕಾಯಿಹಾಲು ಸುರಿದರೆ ಪಾಯಸ. ಮೊದಲ ಸೌಟು ದೇವರ ಮುಂದೆ, ಎರಡನೆಯದು ಹಿರಿಯರ ಹೆಸರಲ್ಲಿ, ಆಮೇಲೆ ಮನೆಮಂದಿಗೆ.

"ಇನ್ನೊಂದ್ ಸೌಟ್ ಹಾಕ್ಕ ಗೂಡೆ," ಎಂದು ದೇರಪ್ಪ ಶ್ವೇತಳ ಬಟ್ಟಲಿಗೆ ತಾವೇ ಬಡಿಸಿದರು. ಹುಡುಗಿಯರನ್ನು ಅವರು ಕರೆಯುವುದು ಹಾಗೆಯೇ. "ಇವತ್ತ್ ತಿಂದ್ರೆ ವರ್ಷ ಇಡೀ ಡಾಕ್ಟ್ರ ಬಾಗ್ಲಿಗೆ ಹೋಗದ್ ಬೇಡ."

"ಹಂಗಾದ್ರೆ ನಮ್ಮಿಬ್ರ ಕೆಲ್ಸ ಹೋದಂಗೆ ದೊಡ್ಡಪ್ಪ."

"ನಿಂಗೆಂತ ಭಯ? ಡಿಗ್ರಿಯವ್ಳು. ದೀಪಕ್ ಹೇಳ್ದ, ನಿಂಗೆ ಡಬಲ್ ಸಂಬ್ಳ ಗಡ."

ಗಂಗಮ್ಮ ಬಟ್ಟಲಿನಿಂದ ತಲೆ ಎತ್ತದೆ ಹೆಮ್ಮೆಯಲ್ಲಿ ಸಣ್ಣಗೆ ನಕ್ಕರು. ಆ ನಗುವಿಗಾಗಿಯೇ ಶ್ವೇತ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

ಊಟವಾದ ಮೇಲೆ ಹಿತ್ತಲ ಕಲ್ಲಿನ ಮೇಲೆ ಕೂತು ಪಾತ್ರೆ ತಿಕ್ಕುವಾಗ ಮೋಕ್ಷಿತಾ ಹತ್ತಿರ ಸರಿದಳು. "ಅಕ್ಕ, ನಿನ್ನತ್ರ ಒಂದ್ ಮಾತ್ ಕೇಳಿಕೆ ಉಟ್ಟು."

"ಎಂತ?"

"ನಾನೂ ಡಿಗ್ರಿ ಮಾಡ್ರೆ ಹೆಂಗೆ? ನೀ ಓದ್ದ ಕಾಲೇಜಿಲೇ. ಡಿಪ್ಲೊಮಾ ಆದವ್ಕೆ ನೇರ ಎರಡ್ನೆ ವರ್ಷಕ್ಕೆ ಸೀಟ್ ಉಟ್ಟು ಗಡ. ಕೆಲ್ಸ ಬಿಡೊಕು, ಸಾಲ ಮಾಡೊಕು. ಸೋಮವಾರ ಅಪ್ಪ ಬ್ಯಾಂಕಿಗೆ ಸಹಿ ಹಾಕಿಕೆ ಹೋಗ್ತಾರೆ." ಅವಳು ಕೈಯ ಬೂದಿ ತೊಳೆದುಕೊಂಡು ಶ್ವೇತಳ ಮುಖ ನೋಡಿದಳು. "ಬೇರೆ ಯಾರನ್ನ ಕೇಳ್ದು ಅಕ್ಕ? ನೀ ಮಾಡ್ದವ್ಳು. ನೀ ಹೇಳು. ಹಾಕ್ದ ದುಡ್ಡು ವಾಪಸ್ ಬಂದದಾ?"

ಶ್ವೇತಳ ಕೈ ಪಾತ್ರೆಯೊಳಗೆ ನಿಂತಿತು. ಅವಳ ಕಣ್ಣ ಮುಂದೆ ಲ್ಯಾಬಿನ ಮೇಜು ಬಂತು. ಮೇಜಿನ ಮೇಲೆ ಮೋಕ್ಷಿತಾಳ ಮೊಬೈಲು. ಅದು ಒಂದು ಸಲ ಟಿಂಗ್ ಎಂದಿತು. ಊಟದ ಹೊತ್ತಿಗೆ ಇನ್ನೊಂದು ಸಲ. ನೀಲಿ ಸ್ಕೂಟರು ಮಾರಿ ಹೋಗಿತ್ತು. ಬಂಗುಡೆ ಫ್ರೈ ಇರಲಿಲ್ಲ. ಇಬ್ಬರೂ ಒಂದೇ ಬಸ್ಸಿನ ಒಂದೇ ಕಂಬಿ ಹಿಡಿದು ನಿಂತಿದ್ದರು. ಅದನ್ನು ನೋಡಿ ಶ್ವೇತಳ ಎದೆಗೆ ಬಹಳ ದಿನದ ಮೇಲೆ ತಂಪಾಯಿತು.

"ಮಾಡು," ಎಂದಳು. "ಓದಿದ್ರೆ ನಷ್ಟ ಇಲ್ಲೆ. ನಾ ಮಾಡ್ಲಿಲ್ಲೆನಾ?"

"ಸಂಬ್ಳ ನಿಜಕ್ಕೂ..."

"ಅದೆಲ್ಲ ಕೇಳ್ತಾರಾ ಗೂಡೆ?" ಎಂದು ನಕ್ಕುಬಿಟ್ಟಳು. ಮೋಕ್ಷಿತಾಳೂ ನಕ್ಕಳು. ಅವಳ ನಗುವಿನಲ್ಲಿ ಸಂಶಯದ ಒಂದು ಎಳೆಯೂ ಇರಲಿಲ್ಲ. ಅದನ್ನೂ ಶ್ವೇತಳಿಂದ ತಡೆದುಕೊಳ್ಳಲಾಗಲಿಲ್ಲ. ಸಾಲವಿಲ್ಲದವರಿಗೆ ಎಷ್ಟು ಸುಲಭದಲ್ಲಿ ನಗು ಬರುತ್ತದೆ!

ಸಂಜೆ ಮನೆಗೆ ಬಂದು ದೀಪ ಹಚ್ಚಿ ಕೈ ಮುಗಿದಳು. ದಿನಾ ಕಾವೇರಮ್ಮನ ಹತ್ತಿರ ಏನಾದರೊಂದು ಕೇಳುವ ಅಭ್ಯಾಸ ಅವಳಿಗೆ. ಅವತ್ತು ಏನು ಕೇಳಬೇಕೆಂದು ತೋಚಲಿಲ್ಲ. ಕೇಳಿದ್ದು ಆಗಲೇ ಸಿಕ್ಕಿಬಿಟ್ಟಿತ್ತಲ್ಲ.

ಆಟಿ ಪಾಯಸದ ಮರುದಿನ ಕೊಡಗಿನ ಲ್ಯಾಬುಗಳಲ್ಲಿ ಒಂದು ತಮಾಷೆ ನಡೆಯುತ್ತದೆ. ಮದ್ದುಸೊಪ್ಪು ತಿಂದವರ ಮೂತ್ರ ಕೆಂಪಗೆ ಹೋಗುತ್ತದೆ. ಮದ್ದು ಮೈಗೆ ಹತ್ತಿದೆ ಎಂದು ಊರಿನವರು ಸಂತೋಷಪಡುತ್ತಾರೆ. ಹೊರಗಿನಿಂದ ಬಂದವರು ಹೌಹಾರಿ ಆಸ್ಪತ್ರೆಗೆ ಓಡಿ ಬರುತ್ತಾರೆ. ಅವತ್ತು ಬೆಳಿಗ್ಗೆ ರೆಸಾರ್ಟಿನ ಅಡುಗೆಯ ಹುಡುಗನೊಬ್ಬ, ಒಡಿಶಾದವನು, ಅಳುಮುಖ ಮಾಡಿಕೊಂಡು ಕಿಟಕಿಗೆ ಬಂದ.

"ಭಯ್ಯಾ, ಕುಛ್ ನಹೀ," ಎಂದು ದೀಪಕ್ ಹೊಟ್ಟೆ ತಟ್ಟಿ ತೋರಿಸಿದ. "ಪಾಯಸ, ಪಾಯಸ! ಕಲ್ ಖಾಯಾ, ಆಜ್ ಲಾಲ್. ಫುಲ್ ಮೆಡಿಸಿನ್!" ಕಾದು ಕೂತಿದ್ದವರೆಲ್ಲ ನಕ್ಕರು.

ನಗು ಏನೇ ಇರಲಿ, ಲ್ಯಾಬಿನ ಡಾಕ್ಟರು ರಶ್ಮಿತಾ ಮೇಡಂ ಒಂದು ನಿಯಮ ಮಾಡಿದ್ದರು. ಕೆಂಪಾಗಿ ಬಂದ ಪ್ರತಿ ಮೂತ್ರವನ್ನೂ ತಿರುಗುವ ಯಂತ್ರಕ್ಕೆ ಹಾಕಲೇಬೇಕು. ಸೊಪ್ಪಿನ ಬಣ್ಣವಾದರೆ ಎಷ್ಟು ತಿರುಗಿಸಿದರೂ ನೀರಿನಲ್ಲೇ ಉಳಿಯುತ್ತದೆ. ರಕ್ತವಾದರೆ ತಳಕ್ಕೆ ಇಳಿದು ಕೂರುತ್ತದೆ, ಮೇಲೆ ನೀರು ತಿಳಿಯಾಗುತ್ತದೆ. ಶ್ವೇತಳಿಗೆ ಇದು ಗೊತ್ತಿಲ್ಲದ್ದಲ್ಲ.

ಆ ವಾರ ಎರಡನೆಯ ಪಾಳಿಯಿದ್ದ ಮೋಕ್ಷಿತಾ ಮಧ್ಯಾಹ್ನದ ಹೊತ್ತಿಗೆ ಬಂದಳು. ಬಂದವಳೇ ಮೊಬೈಲು ಕಿವಿಗಿಟ್ಟುಕೊಂಡು ಮೂಲೆಯಲ್ಲಿ ನಿಂತಳು. "ಹೌದು ಸರ್, ಅಪ್ಪನ ಆಧಾರ್, ಜಾಗದ ಆರ್‌ಟಿಸಿ... ಸೋಮವಾರ ಬೆಳಿಗ್ಗೇನೇ ಬರ್ತೇವೆ ಸರ್... ಅಷ್ಟಾ? ಆಯ್ತು ಸರ್, ತೊಂದರೆ ಇಲ್ಲ." ಶ್ವೇತಳ ಕಣ್ಣು ಮೇಜಿನ ಮೇಲೆ, ಕಿವಿ ಮೂಲೆಯಲ್ಲಿ. ಎಷ್ಟು ಎಂದರು? ತನ್ನದಕ್ಕಿಂತ ಹೆಚ್ಚಾ? ಹೆಚ್ಚೇ ಇರಬೇಕು, ಫೀಸು ಏರಿದೆ. ಹಾಗೆ ಯೋಚಿಸುತ್ತ ಅವಳಿಗೆ ಒಂದು ನಮೂನೆ ಉಲ್ಲಾಸ.

ಆ ಹೊತ್ತಿಗೆ ಮೇಜಿಗೆ ಬಂದದ್ದು ಸಣ್ಣಸ್ವಾಮಿಯ ಡಬ್ಬಿ. ಮಾದಾಪುರದ ಕಡೆಯ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್, ಐವತ್ತು ದಾಟಿದ ಮನುಷ್ಯ. ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಡಬ್ಬಿಯೊಳಗೆ ಕೆಂಪು. ಬೆಳಿಗ್ಗೆಯಿಂದ ನೋಡಿದ ಇಪ್ಪತ್ತು ಕೆಂಪಿನಂಥದೇ ಇನ್ನೊಂದು ಕೆಂಪು.

"ಏನೂ ಇಲ್ಲ ಬಿಡಿ," ಎಂದಳು ಶ್ವೇತ, ಅವನು ಬಾಯಿ ತೆರೆಯುವುದಕ್ಕೆ ಮುಂಚೆಯೇ. "ಇವತ್ತು ಎಲ್ಲಾರ್ದೂ ಹೀಗೇ."

"ಹಂಗಾರೆ ಭಯ ಇಲ್ವಾ ತಾಯಿ?"

"ಇಲ್ಲ."

ತಿರುಗುವ ಯಂತ್ರಕ್ಕೆ ಹಾಕಲಿಲ್ಲ. ರಿಪೋರ್ಟಿನಲ್ಲಿ ರಕ್ತ ಇಲ್ಲ ಎಂದು ತುಂಬಿಸಿದಳು. ಅದು ಅವತ್ತಿನ ಅವಳ ಕೊನೆಯ ಕೆಲಸ. ಸಣ್ಣಸ್ವಾಮಿ ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡು ಕೈ ಮುಗಿದು ಹೋದ.

ಪಾಳಿ ಮುಗಿಸಿ ಶ್ವೇತ ಬಸ್ ನಿಲ್ದಾಣಕ್ಕೆ ಇಳಿದಳು. ನಾಪೋಕ್ಲು ಬಸ್ಸು ಇನ್ನೂ ಬಂದಿರಲಿಲ್ಲ. ನಿಲ್ದಾಣದ ಹೊರಗೆ ಗೋಣಿ ಹಾಸಿಕೊಂಡು ಕೂತ ಚೋಮಿ ಎಂಬ ಮುದುಕಿ ನಿನ್ನೆ ಉಳಿದ ಮದ್ದುಸೊಪ್ಪಿನ ಕಟ್ಟುಗಳನ್ನು ಅರ್ಧ ಬೆಲೆಗೆ ಕೊಡುತ್ತಿದ್ದಳು. ಅವಳ ಮುಂದೆ ಸಣ್ಣಸ್ವಾಮಿ ಕುಕ್ಕರುಗಾಲಲ್ಲಿ ಕೂತು ಕಟ್ಟು ಆರಿಸುತ್ತಿದ್ದ.

"ಬಾಡಿ ಹೋಗದೆ ಕಣಜ್ಜಿ."

"ಬಾಡದೆ ಇನ್ನೇನು, ಹಬ್ಬ ನಿನ್ನೆ. ನೀನು ಇವತ್ತು ಬಂದ್ರೆ ಸೊಪ್ಪು ನಿಂಗೋಸ್ಕರ ಕಾದು ಕೂರ್ತದಾ?"

ಸಣ್ಣಸ್ವಾಮಿ ತಲೆ ಎತ್ತಿದಾಗ ಶ್ವೇತಳನ್ನು ಕಂಡ. ಮುಖ ಅರಳಿತು. "ಓ, ತಾಯಿ! ನೀವೇ ಹೇಳಿ. ಒಂದು ದಿನ ತಡ ಆದ್ರೆ ಮದ್ದು ಹತ್ತಲ್ವಾ? ನಿನ್ನೆ ಆಳುಗಳ ಲೈನ್ ಮನೆ ಮ್ಯಾಲೆ ಮರ ಬಿದ್ದೋಯ್ತು. ಇಡೀ ದಿನ ಅದ್ರ ಹಿಂದೇನೇ ಆಯ್ತು. ಪಾಯಸ ಇರ್ಲಿ, ಅನ್ನಾನೂ ಉಣ್ಣಲಿಲ್ಲ. ಇವತ್ತಾರೂ ಮಾಡಿಸಾನ ಅಂತ."

ಶ್ವೇತಳಿಗೆ ಮೊದಲು ಅರ್ಥವೇ ಆಗಲಿಲ್ಲ. ಸೊಪ್ಪಿನ ಕಟ್ಟನ್ನು ನೋಡಿದಳು. ಅವನ ಜೇಬಿನಿಂದ ಇಣುಕುತ್ತಿದ್ದ ಕಾಗದ ನೋಡಿದಳು.

"ನೀವು ಪಾಯಸ ತಿಂದಿಲ್ವಾ? ಮೊನ್ನೆ? ಅದಕ್ಕೂ ಮುಂಚೆ?"

"ಇಲ್ಲ ತಾಯಿ. ಈ ವರ್ಷ ನಾಲಿಗೆಗೇ ಮುಟ್ಟಿಸಿಲ್ಲ."

ಒಂದೇ ಒಂದು ಮಾತು. ಪಾಯಸ ತಿಂದಿದ್ದೀರಾ ಎಂದು ಮೇಜಿನ ಹತ್ತಿರ ಕೇಳಿದ್ದರೆ ಮುಗಿದಿತ್ತು. ಕೇಳಲಿಲ್ಲ. ಆರು ವರ್ಷದ ಹಿಂದೆ ಆ ಗಾಜಿನ ಕೋಣೆಯಲ್ಲಿ ಅಪ್ಪ ಸಂಬಳದ ಮಾತು ಕೇಳಲಿಲ್ಲ. ನಮ್ಮ ಮನೆಯವರಿಗೆ ಹೊಟ್ಟೆಕಿಚ್ಚು ಬಂದಾಗ ಬಾಯಿ ಕಟ್ಟಿಹೋಗುತ್ತದಾ ಎಂದುಕೊಂಡಳು.

ನಾಪೋಕ್ಲು ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೂಗುತ್ತಿದ್ದ. ಹತ್ತಿಬಿಡಬಹುದಿತ್ತು. ಕೆಂಪು ನಾಳೆ ನಾಡಿದ್ದು ತಾನಾಗಿ ನಿಂತರೂ ನಿಂತೀತು. ಅವನಿಗೆ ಸಂಶಯ ಬಂದು ಬೇರೆ ಕಡೆ ಹೋದರೂ ಹೋದಾನು. ಶ್ವೇತ ಬಸ್ಸಿಗೆ ಬೆನ್ನು ಹಾಕಿದಳು.

"ನನ್ನ ಜೊತೆ ಬನ್ನಿ. ನಾನು ತಪ್ಪು ಮಾಡಿದ್ದೇನೆ. ಇನ್ನೊಂದು ಸಲ ನೋಡ್ಬೇಕು."

ಲ್ಯಾಬಿನಲ್ಲಿ ಮೋಕ್ಷಿತಾ ಒಬ್ಬಳೇ ಇದ್ದಳು. ಶ್ವೇತ ಹೇಳಿದ್ದನ್ನು ಕೇಳಿ ಹೊಸ ಡಬ್ಬಿ ಕೊಟ್ಟಳು, ಟ್ಯೂಬಿಗೆ ಸುರಿದಳು, ಯಂತ್ರ ತಿರುಗಿಸಿದಳು. ಇಬ್ಬರೂ ಅದರ ಗುಂಯ್‌ಗುಡುವಿಕೆಯನ್ನು ಕೇಳುತ್ತ ನಿಂತರು. ಯಂತ್ರ ನಿಂತಾಗ ಮೇಲೆ ನೀರು ತಿಳಿ. ತಳದಲ್ಲಿ ಕುಂಕುಮದಷ್ಟು ಕೆಂಪು.

ಶ್ವೇತ ತಾನೇ ರಶ್ಮಿತಾ ಮೇಡಂ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದಳು. ಮೇಡಂ ಜೋರು ಮಾಡಲಿಲ್ಲ. "ನಾಳೆಯಿಂದ ಒಂದು ತಿಂಗಳು ನಿಮ್ಮ ರಿಪೋರ್ಟೆಲ್ಲ ನಾನು ನೋಡಿದ ಮೇಲೆಯೇ ಹೊರಗೆ ಹೋಗೋದು," ಎಂದರು. ಜೋರು ಮಾಡಿದ್ದರೆ ಒಳ್ಳೆಯದಿತ್ತು. ಸಣ್ಣಸ್ವಾಮಿಯನ್ನು ಸ್ಕ್ಯಾನಿಗೆ ಕಳಿಸಿದರು. ಕಿಡ್ನಿಯಲ್ಲಿ ಕಲ್ಲು, ಬೇಗ ಗೊತ್ತಾದದ್ದರಿಂದ ಭಯವಿಲ್ಲ ಎಂದರು. ಅವನು ಸೊಪ್ಪಿನ ಕಟ್ಟನ್ನು ಎದೆಗವಚಿಕೊಂಡೇ ಮಂಚದ ಮೇಲೆ ಕೂತಿದ್ದ.

ಹೊರಗೆ ಬಂದಾಗ ಮೋಕ್ಷಿತಾ ಶ್ವೇತಳ ಕೈ ಹಿಡಿದುಕೊಂಡಳು. ಅವಳ ಕಣ್ಣಿನಲ್ಲಿ ಹೊಳಪು. "ಅಕ್ಕ, ಇದಕ್ಕೇ ನೋಡು. ದಾರಿಲಿ ಸಿಕ್ಕವ್ನ ಕೈಲಿ ಸೊಪ್ಪು ನೋಡಿ ನಿಂಗೆ ಹೊಳ್ದ್‌ಬುಟ್ಟಿತ್ತ್. ನಂಗಾರೆ ಹೊಳೀತಿತ್ತಿಲ್ಲೆ, ಬಸ್ ಹತ್ತಿ ಹೋಗ್ತಿದ್ದೆ. ಡಿಗ್ರಿ ಅಂದ್ರೆ ಡಿಗ್ರಿಯೇ. ಸೋಮವಾರ ನಂದು ಗ್ಯಾರಂಟಿ."

ಶ್ವೇತಳಿಗೆ ಕೈ ಬಿಡಿಸಿಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ತಪ್ಪನ್ನು ಒಪ್ಪಿಕೊಂಡರೂ ಇವಳು ಅದನ್ನು ದೊಡ್ಡಸ್ತಿಕೆ ಮಾಡಿಬಿಟ್ಟಳಲ್ಲ! ಇಂಥವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ! ಆದರೂ ಅದು ಹೋಗಿರಲಿಲ್ಲ. ತಳದಲ್ಲಿ ಕೂತಿತ್ತು.

ಭಾನುವಾರ ಸಂಜೆ ಗದ್ದೆಯ ಏರಿ ದಾಟಿ ದೊಡ್ಡಪ್ಪನ ಮನೆಗೆ ಹೋದಳು. ದೇರಪ್ಪ ಜಗಲಿಯಲ್ಲಿ ಕೂತು ಕಾಗದಗಳನ್ನು ಪ್ಲಾಸ್ಟಿಕ್ ಕವರಿಗೆ ಜೋಡಿಸುತ್ತಿದ್ದರು. ದೊಡ್ಡವ್ವ ಒಳಗೆ ದೀಪ ಹಚ್ಚುತ್ತಿದ್ದರು. ಮೋಕ್ಷಿತಾ ಬಾಗಿಲಿಗೆ ಒರಗಿ ಕೂತಿದ್ದಳು.

"ದೊಡ್ಡಪ್ಪ, ಕಾಫಿ ಕೊಡಿಕೆ ಮುಂಚೆ ನೀವು ಎಂತ ನೋಡ್ದು?"

"ಇದೆಂತ ಪ್ರಶ್ನೆ ಗೂಡೆ? ಔಟ್‌ಟರ್ನ್. ಅದ್ ನೋಡದೆ ಯಾರ್ ಕೊಟ್ಟವೆ?"

"ನನ್ನ ಓದಿಗೆ ಅದ್‌ನ ಯಾರೂ ನೋಡ್ಲಿಲ್ಲೆ." ಶ್ವೇತ ಮೊಬೈಲು ತೆಗೆದು ಜಗಲಿಯ ಮೇಲಿಟ್ಟಳು. ಕಳೆದ ತಿಂಗಳ ಎರಡು ಸಂದೇಶಗಳು ಒಂದರ ಕೆಳಗೊಂದು ಇದ್ದವು. "ಮೇಲಿಂದು ಸಂಬ್ಳ. ಕೆಳಗಿಂದು ಬ್ಯಾಂಕ್ ತಕ್ಕಂಡದ್. ಡಬಲ್ ಅಲ್ಲ ದೊಡ್ಡಪ್ಪ. ಅರ್ಧ. ಇನ್ನೂ ಎಂಟು ವರ್ಷ ಉಟ್ಟು."

ದೇರಪ್ಪ ಕನ್ನಡಕ ಹುಡುಕಿ ಹಾಕಿಕೊಂಡರು. ಓದಿದರು. ಇನ್ನೊಂದು ಸಲ ಓದಿದರು. ದೊಡ್ಡವ್ವ ಬತ್ತಿ ಹಿಡಿದ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು.

"ಅಕ್ಕ." ಮೋಕ್ಷಿತಾಳ ದನಿ ತಗ್ಗಿತ್ತು. "ಮೊನ್ನೆ ಪಾತ್ರೆ ತಿಕ್ಕಾಕನ ನಾ ಕೇಳ್ದೆ. ಆಗ ನಿಂಗೆ ಇದೆಲ್ಲ ಗೊತ್ತಿತ್ತಲ್ಲ?"

"ಗೊತ್ತಿತ್ತ್."

"ಮತ್ತೆ ಮಾಡು ಅಂತ ಹೇಳ್ದ್ ಎಂತಕೆ?"

ಬೇರೆ ಏನಾದರೂ ಹೇಳಬಹುದಿತ್ತು. ನಾಚಿಕೆ ಎನ್ನಬಹುದಿತ್ತು, ಅವ್ವನ ಮರ್ಯಾದೆ ಎನ್ನಬಹುದಿತ್ತು. ಒಳಗೆ ದೀಪ ಹೊತ್ತಿಕೊಂಡಿತ್ತು. ಅದರ ಎದುರಿಗೆ ಸಣ್ಣ ಸುಳ್ಳು ಸಹ ಬಾಯಿಗೆ ಬರಲಿಲ್ಲ.

"ನಿಂಗೂ ಎರಡ್ ಸಲ ಟಿಂಗ್ ಆಗ್ಲಿ ಅಂತ."

ಮೋಕ್ಷಿತಾ ಎದ್ದು ನಿಂತಳು. ಅವಳ ಮುಖ ಅಷ್ಟು ಬಿಳುಪಾದದ್ದನ್ನು ಶ್ವೇತ ಹಿಂದೆಂದೂ ನೋಡಿರಲಿಲ್ಲ. "ನಾ ನಿಂಗೆ ದಿನಾ ಮೀನ್ ಮುರ್ದ್ ಕೊಡ್ತಿದ್ದೆ," ಎಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗದ್ದೆಯಲ್ಲಿ ಕಪ್ಪೆಗಳು ಕೂಗುತ್ತಿದ್ದವು. ಕೊನೆಗೆ ದೇರಪ್ಪ ಕವರನ್ನು ಮಡಿಲಿಗೆ ಎಳೆದುಕೊಂಡರು. "ಹಂಗಾರೆ ಡಿಗ್ರಿಯೇ ದಂಡ ಅಂತ ಹೇಳ್ತೀಯಾ?"

"ಇಲ್ಲೆ ದೊಡ್ಡಪ್ಪ. ಡಿಗ್ರಿ ಇದ್ರೆ ಸರ್ಕಾರಿ ಕೆಲ್ಸಕ್ಕೆ ಅರ್ಜಿ ಹಾಕಿಕೆ ಆದದೆ, ದೊಡ್ಡ ಆಸ್ಪತ್ರೆಲಿ ಕೇಳಿಕೆ ಆದದೆ. ಓದು ಚಂದವೇ. ನಾ ಅದಕ್ಕೆ ಕೊಟ್ಟ ಬೆಲೆ ಚಂದ ಇಲ್ಲೆ. ಸರ್ಕಾರಿ ಕಾಲೇಜಿಲಿ ಸೀಟ್ ಸಿಕ್ರೆ ಅವ್ಳು ಕಣ್ಣ್ ಮುಚ್ಕಂಡ್ ಹೋಗ್ಲಿ. ಸಿಗದಿದ್ರೆ ಈ ಸಾಲ ಬೇಡ."

"ನಿನ್ನ ಮಾತ್‌ನೂ ನಾ ಸುಮ್ಮನೆ ನಂಬುದಿಲ್ಲೆ ಗೂಡೆ," ಎಂದರು ದೇರಪ್ಪ. ದನಿಯಲ್ಲಿ ಸಿಟ್ಟಿತ್ತು; ಆದರೆ ಅದು ಮಾರುಕಟ್ಟೆಯ ಸಿಟ್ಟು, ಮನೆಯದಲ್ಲ. "ಮೊನ್ನೆ ಒಂದ್ ಹೇಳ್ದೆ, ಇವತ್ತ್ ಒಂದ್. ನಾಳೆ ಬ್ಯಾಂಕಿಗೆ ಹೋಗುದಿಲ್ಲೆ. ನಿಮ್ಮ ಆಸ್ಪತ್ರೆಗೇ ಬಂದ್ ಕೇಳ್ನೆ. ಇನ್ನೆರಡ್ ಆಸ್ಪತ್ರೆಲೂ ಕೇಳ್ನೆ. ಡಿಗ್ರಿಯವ್ಕೆ ಎಂತ ಕೊಟ್ಟವೆ, ಡಿಪ್ಲೊಮಾದವ್ಕೆ ಎಂತ ಕೊಟ್ಟವೆ."

ಹೇಳಿದ ಹಾಗೆಯೇ ಸೋಮವಾರ ಬೆಳಿಗ್ಗೆ ಕೊಡೆ ಮಡಿಸಿ ಕಂಕುಳಲ್ಲಿಟ್ಟುಕೊಂಡು ದೀಪಕನ ಕಿಟಕಿಯ ಮುಂದೆ ನಿಂತಿದ್ದರು. "ಏನ್ ಟೆಸ್ಟ್ ಅಂಕಲ್?" ಎಂದ ದೀಪಕ್. "ಟೆಸ್ಟ್ ನಿಂಗೇ," ಎಂದರು ದೇರಪ್ಪ. "ಯಾರಿಗೆ ಎಷ್ಟ್ ಸಂಬ್ಳ ಅಂತ ಸರಿ ಹೇಳು, ಪಾಸು." ಸಂಜೆಯ ಹೊತ್ತಿಗೆ ಪೇಟೆಯ ಮೂರು ಕಡೆ ಕೇಳಿಯಾಗಿತ್ತು. ಮನೆಗೆ ಹೋಗಿ ಕವರನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಸಹಿ ಬೀಳಲಿಲ್ಲ.

ಮನೆಯಲ್ಲಿ ಗಂಗಮ್ಮ ಎರಡು ದಿನ ಮಗಳಿಗೆ ಬಡಿಸಿ ಎದ್ದು ಹೋದರು. ಮೂರನೆಯ ದಿನ ತಟ್ಟೆಯ ಹತ್ತಿರ ಕೂತು, "ನಂಗೆ ಹೇಳ್ಬಹುದಿತ್ತ್, ಮಿಕ್ಸಿ ಕೇಳ್ತಿತ್ತಿಲ್ಲೆ," ಎಂದರು. ಅಪ್ಪ ಕಾಫಿ ಗಿಡದ ಚಿಗುರು ತೆಗೆಯಲು ಹೋದವರು ಕತ್ತಲಾಗುವವರೆಗೂ ಬರಲಿಲ್ಲ.

ಮೋಕ್ಷಿತಾ ಕೆಲಸದ ಮಾತು ಬಿಟ್ಟು ಒಂದು ಮಾತೂ ಆಡಲಿಲ್ಲ. ಬಂಗುಡೆಯನ್ನು ಇಡೀ ತಾನೇ ತಿಂದಳು. ಶ್ವೇತಳಿಗೆ ಆಶ್ಚರ್ಯವಾದದ್ದು ಏನೆಂದರೆ, ತಪ್ಪು ಹೇಳಿಕೊಂಡರೆ ಒಳಗಿನ ಕೆಂಡ ಆರುತ್ತದೆ ಎಂದುಕೊಂಡಿದ್ದಳು. ಆರಲಿಲ್ಲ. ತಿರುವಿನಲ್ಲಿ ನೀಲಿ ಸ್ಕೂಟರು ಬಸ್ಸನ್ನು ದಾಟಿ ಹೋದರೆ ಈಗಲೂ ಕೆಂಪಾಗುತ್ತಿತ್ತು. ಒಂದು ವ್ಯತ್ಯಾಸವಿತ್ತು: ಈಗ ಅದನ್ನು ದೇವರ ಮುಂದೆ ಹೆಸರು ಹಿಡಿದು ಹೇಳಬಹುದಿತ್ತು. ಅಮ್ಮಾ, ಇವತ್ತು ಸ್ಕೂಟರು ನೋಡಿ ಸುಟ್ಟಿತು. ಇವತ್ತು ಮೀನು ನೋಡಿ. ಕಾವೇರಮ್ಮ ಕೇಳಿಸಿಕೊಳ್ಳುತ್ತಿದ್ದಳೋ ಏನೋ, ಬತ್ತಿ ಮಾತ್ರ ನೆಟ್ಟಗೆ ಉರಿಯುತ್ತಿತ್ತು.

ಮುಂದಿನ ತಿಂಗಳ ಐದನೆಯ ತಾರೀಖು ಬಂತು. ಎರಡು ಮೊಬೈಲು ಒಟ್ಟಿಗೆ ಟಿಂಗ್ ಎಂದವು. ಊಟದ ಹೊತ್ತಿಗೆ ಶ್ವೇತಳದು ಇನ್ನೊಂದು ಸಲ.

"ಬಂತು ನೋಡಿ, ಡಬ..." ಎಂದು ದೀಪಕ್ ಶುರು ಮಾಡಿದ.

"ದೀಪಕ್, ಬಾಯಿ ಮುಚ್ಕಂಡು ಬಿಲ್ ಹಾಕು," ಎಂದಳು ಮೋಕ್ಷಿತಾ, ಟ್ಯೂಬಿನಿಂದ ತಲೆ ಎತ್ತದೆ.

ಅವತ್ತು ಇಬ್ಬರದೂ ಒಂದೇ ಪಾಳಿ. ಸಂಜೆ ಶ್ವೇತ ಕೊಡೆ ಬಿಡಿಸಿ ಬಸ್ ನಿಲ್ದಾಣದ ಕಡೆ ಹೊರಟಾಗ ನೀಲಿ ಸ್ಕೂಟರು ಪಕ್ಕದಲ್ಲಿ ಬಂದು ನಿಂತಿತು.

"ಹತ್ತು."

ಶ್ವೇತ ನಿಂತೇ ಇದ್ದಳು.

"ಹತ್ತು ಅಂದೆ. ಪುಕ್ಸಟ್ಟೆ ಅಲ್ಲ, ಬಸ್ ಚಾರ್ಜಿಲಿ ಅರ್ಧ ಪೆಟ್ರೋಲಿಗೆ ಕೊಡೊಕು. ಉಳ್ದ ಅರ್ಧ ನಿನ್ನ ಬ್ಯಾಂಕಿಗೆ." ಮೋಕ್ಷಿತಾ ಹಿಂದೆ ತಿರುಗಲಿಲ್ಲ. "ಸಿಟ್ಟ್ ಇನ್ನೂ ಹೋಗಿಲ್ಲೆ ನಂಗೆ. ದಾರಿಲಿ ಮಾತಾಡ್ಬೇಡ."

ಶ್ವೇತ ಕೊಡೆ ಮಡಿಸಿ ಹತ್ತಿ ಕೂತಳು. ಊರು ದಾಟಿ ಇಳಿಜಾರಿಗೆ ಬಿದ್ದಾಗ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಸೀಟು ಮೆತ್ತಗಿತ್ತು. ತಿರುವಿನಲ್ಲಿ ನಾಪೋಕ್ಲು ಬಸ್ಸನ್ನು ಹಿಂದೆ ಹಾಕಿದರು. ಬಸ್ಸಿನ ಕಂಬಿ ಹಿಡಿದು ನಿಂತವರ ಮುಖಗಳು ಕಿಟಕಿಯಲ್ಲಿ ಸರಿದು ಹೋದವು. ಎಷ್ಟು ಹಾಯಾಗಿದೆ, ಇವಳಿಗೆ ದಿನಾ ಇದೇ ಹಾಯಿ ಎಂದುಕೊಂಡಾಗ ಹೊಟ್ಟೆಯೊಳಗೆ ಆ ಹಳೆಯದು ಸಣ್ಣಗೆ ಚುರುಗುಟ್ಟಿತು.

ದಾರಿಯ ಬದಿಯ ಗುಡಿಯ ದೀಪ ಕಂಡಿತು. ಕೈ ಮುಗಿಯಬೇಕಾದರೆ ಹಿಡಿದದ್ದನ್ನು ಬಿಡಬೇಕು. ಶ್ವೇತ ಬಿಡಲಿಲ್ಲ. ಒಂದು ಕೈಯಲ್ಲಿ ತಂಗಿಯ ಭುಜ ಹಿಡಿದುಕೊಂಡೇ ಇನ್ನೊಂದು ಕೈಯನ್ನು ಎದೆಗೆ ಮುಟ್ಟಿಸಿದಳು. ಅಮ್ಮಾ, ಇವತ್ತೂ ಸುಟ್ಟಿತು, ಎಂದಳು ಮನಸ್ಸಿನಲ್ಲೇ. ಮಾತಾಡಬೇಡ ಎಂದಿದ್ದ ಮೋಕ್ಷಿತಾ ಅಷ್ಟರಲ್ಲಿ ತಾನೇ ಕೂಗಿದಳು:

"ಗಟ್ಟಿ ಹಿಡ್ಕ ಅಕ್ಕ, ಮುಂದೆ ಹಳ್ಳ ಉಟ್ಟು!"